ಹಳೇ ಕ್ಯಾಮೆರಾ ಕೊಳ್ಳುವ ಮುನ್ನ ಟಾರ್ಚ್ ಬಿಟ್ಟು ನೋಡಿ

ಮಾನ್ಯ ಸಂಪಾದಕರೇ,

ನಾನು ಮಂಡ್ಯದಲ್ಲಿ 29 ವರ್ಷ ಸ್ಟುಡಿಯೋ ನಡೆಸಿದವನು. ಮದುವೆ, ನಾಮಕರಣ, ಹಾಲ್ ಟಿಕೆಟ್ ಫೋಟೋ, ಬಹುಪಾಲು ರೀಲಿನ ಕಾಲದ್ದು. ಅಂಗಡಿ ಮುಚ್ಚಿ ಹತ್ತು ವರ್ಷವಾಯಿತು. ಈಚೆಗೆ ಕಾಲೇಜು ಮಕ್ಕಳು ಹಳೇ ಫಿಲಂ ಕ್ಯಾಮೆರಾ ಹಿಡಿದುಕೊಂಡು ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದಾರೆ. "ಅಂಕಲ್, ಇದು ಚೆನ್ನಾಗಿದೆಯಾ?" ಅಂತ ಕೇಳುತ್ತಾರೆ. ದುಡ್ಡು ಕೊಟ್ಟ ಮೇಲೆ ಕೇಳುತ್ತಾರೆ. ಅದೇ ನನಗೆ ಸಂಕಟ.

ಕಳೆದ ತಿಂಗಳು ಮೈಸೂರಲ್ಲಿ ಓದುವ ಹುಡುಗಿಯೊಬ್ಬಳು ಬಂದಿದ್ದಳು. ಟ್ಯೂಷನ್ ಹೇಳಿ ಕೂಡಿಟ್ಟ 11 ಸಾವಿರ ಕೊಟ್ಟು ಮೊಬೈಲಿನಲ್ಲಿ ನೋಡಿ ಪೆಂಟಾಕ್ಸ್ ಕೆ1000 ತರಿಸಿದ್ದಳು. ಹೊರಗೆಲ್ಲ ಪಳಪಳ. ಶಟರ್ (ರೀಲಿಗೆ ಬೆಳಕು ಬಿಡುವ ಪರದೆ) ವೇಗವನ್ನು ಒಂದು ಸೆಕೆಂಡಿಗೆ ಇಟ್ಟು, ರೀಲು ಸರಿಸುವ ಲಿವರ್ ಎಳೆದು, ಗುಂಡಿ ಒತ್ತಿದೆ. ಟಕ್ ಅಂತ ತೆರೆದ ಪರದೆ ಮುಚ್ಚಲೇ ಇಲ್ಲ. ಮೂರು ಎಣಿಸಿದ ಮೇಲೆ ಮುಚ್ಚಿತು. ಲೆನ್ಸ್ ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಥರ ಬೂಷ್ಟು. ಅವಳಿಗೂ ತೋರಿಸಿದೆ. ಮಾತೇ ಆಡಲಿಲ್ಲ ಪಾಪ. ಮಾರಿದವನು ಈಗ ಫೋನ್ ತೆಗೆಯುತ್ತಿಲ್ಲವಂತೆ.

ಅವಳು ಆರಿಸಿದ ಮಾಡೆಲ್ ತಪ್ಪಲ್ಲ. ಕೆ1000 ಬಂದಿದ್ದು 1976ರಲ್ಲಿ, 1997ರವರೆಗೂ ತಯಾರಾಯಿತು. ಶಟರ್ ಪೂರ್ತಿ ಸ್ಪ್ರಿಂಗು, ಹಲ್ಲುಚಕ್ರಗಳ ಮೇಲೆ ಓಡುತ್ತದೆ. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅದೂ ಸತ್ತರೆ ಚಿಂತೆಯಿಲ್ಲ. ಐಎಸ್‌ಒ (ಬೆಳಕಿಗೆ ರೀಲು ಎಷ್ಟು ಚುರುಕು ಎಂಬ ಅಳತೆ) 100ರ ರೀಲು ಹಾಕಿ, ಬಿಸಿಲು ಚೆನ್ನಾಗಿದ್ದರೆ ಅಪರ್ಚರ್ (ಲೆನ್ಸಿನ ಕಿಂಡಿ) 16, ವೇಗ ಸೆಕೆಂಡಿನ 1/125. ಶ್ರೀರಂಗಪಟ್ಟಣದ ಸಂಗಮದಲ್ಲಿ ನಿಂತು ಎಷ್ಟೋ ಮದುವೆ ಜೋಡಿಗಳನ್ನು ನಾನು ಹೀಗೇ ಹಿಡಿದಿದ್ದೇನೆ. ನಿಕಾನ್ ಎಫ್‌ಎಂ2 ಕೂಡ ಇದೇ ಜಾತಿಯದು. 1982ರಲ್ಲಿ ಬಂತು, 1/4000ರವರೆಗೆ ವೇಗ ಇದೆ. ಒಲಿಂಪಸ್ ಓಎಂ-1 ಪುಟ್ಟದು, ಕೈಗೆ ಹಿತ. ಆದರೆ ಅದರ ಮೀಟರಿಗೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, ಬದಲಿ ವ್ಯವಸ್ಥೆ ಮಾಡಿಕೊಳ್ಳಬೇಕು.

ಹೆಸರಿನ ಬಗ್ಗೆ ಜಗಳ ಬೇಡ. ಮೊದಲು ಲೆನ್ಸ್ ನೋಡಿ. ಮನೆಯಲ್ಲಿ ಅಪ್ಪನದೋ ಮಾವನದೋ ಒಳ್ಳೆ ಲೆನ್ಸ್ ಇದ್ದರೆ ಅದಕ್ಕೆ ಹೊಂದುವ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹುಡುಕಿ. ಇಲ್ಲೊಂದು ಎಚ್ಚರಿಕೆ. ನಿಕಾನ್ ಲೆನ್ಸೆಲ್ಲ ಒಂದೇ ಅಂತ ಮಾರುವವರು ಹೇಳುತ್ತಾರೆ. 1977ಕ್ಕೂ ಮುಂಚಿನ ಕಾಲದ ಲೆನ್ಸನ್ನು ತಿದ್ದಿಸದೆ ಹಾಗೇ ಎಫ್‌ಎಂ2ಗೆ ತಿರುಗಿಸಿದರೆ ಬಾಡಿಗೇ ಪೆಟ್ಟು ಬೀಳುತ್ತದೆ. ಪೆಂಟಾಕ್ಸ್‌ನಲ್ಲೂ 1975ಕ್ಕಿಂತ ಹಿಂದಿನವು ತಿರುಪಿನ ಲೆನ್ಸುಗಳು, ಕೆ1000ಗೆ ಹಾಕಲು ನಡುವೆ ಒಂದು ಬಳೆ ಬೇಕು. ಮೊದಲ ಸಲ ಕೊಳ್ಳುವವರಿಗೆ 50 ಎಂಎಂ ಲೆನ್ಸ್ ಒಂದೇ ಸಾಕು. ಜೂಮ್ ಆಸೆ ಬೇಡ. ಹಳೇ ಜೂಮಿನಲ್ಲಿ ಗಾಜು ಜಾಸ್ತಿ, ಬೂಷ್ಟಿಗೆ ಜಾಗವೂ ಜಾಸ್ತಿ.

ಆಮೇಲೆ ಹಿಂಬಾಗಿಲು ತೆಗೆಯಿರಿ. ಅಂಚಿನಲ್ಲಿರುವ ಕಪ್ಪು ಸ್ಪಂಜು ಬೆರಳಿಗೆ ಟಾರಿನಂತೆ ಅಂಟುತ್ತಾ? ಅಂಟಿದರೆ ಹೆದರಬೇಡಿ, ಕೆರೆದು ಹಾಕಿ ಹೊಸದು ಅಂಟಿಸಬಹುದು. ನಾನು ಎಷ್ಟೋ ಸಲ ಕಪ್ಪು ಉಲ್ಲನ್ ದಾರವನ್ನೇ ಕೂರಿಸಿದ್ದೇನೆ. ಶಟರ್ ಬಟ್ಟೆಯದಾದರೆ ಲೆನ್ಸ್ ತೆಗೆದು, ಅಡ್ಡ ಬರುವ ಒಳಗಿನ ಕನ್ನಡಿಯನ್ನು ಅಂಚು ಹಿಡಿದು ಮೆಲ್ಲಗೆ ಮೇಲೆತ್ತಿ, ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಬಂದರೂ ಪ್ರತಿ ಫೋಟೋದಲ್ಲೂ ಚುಕ್ಕೆ. ನಿಧಾನ ವೇಗ ಕೇಳಿಸಿಕೊಳ್ಳಿ. ಒಂದು ಸೆಕೆಂಡಿಗೆ ಇಟ್ಟಾಗ ಒಳಗಿನ ಚಕ್ರ ಒಂದೇ ಸಮ ಜುಯ್ಯೆನ್ನಬೇಕು. ಮುಗ್ಗರಿಸಿದರೆ ಎಣ್ಣೆ ಗಟ್ಟಿಯಾಗಿದೆ ಅಂತ. ಅದರ ಕೆಲಸ ಗೊತ್ತಿರುವ ರಿಪೇರಿಯವರು ಈಗ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಎಷ್ಟೇ ಅಗ್ಗವಾದರೂ ಕೈಗೆತ್ತಿಕೊಂಡು ನೋಡದೆ ಕೊಳ್ಳಬೇಡಿ.

ಮಂಡ್ಯ, ಮೈಸೂರಿನಲ್ಲಿ ನನ್ನ ಹಾಗೆ ಸ್ಟುಡಿಯೋ ಮುಚ್ಚಿ ಮನೆಯಲ್ಲಿ ಕೂತವರು ಬಹಳ ಮಂದಿ ಇದ್ದೀರಿ. ಮಕ್ಕಳು ಬಂದು ಕೇಳಿದರೆ ದಯವಿಟ್ಟು ಐದು ನಿಮಿಷ ಕೊಡಿ. ನಮ್ಮ ಕಿವಿಗೆ ಗೊತ್ತಿರುವ ಶಟರ್ ಸದ್ದು ಮೊಬೈಲ್ ಫೋಟೋ ನೋಡಿ ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತು ಮನೆಯವರಿಗೆ. ಎಷ್ಟೋ ಮನೆಗಳ ಬೀರುವಿನಲ್ಲಿ ಅಜ್ಜನ ಕ್ಯಾಮೆರಾ ಚರ್ಮದ ಕೇಸಿನೊಳಗೆ ಭದ್ರವಾಗಿ ಕೂತಿದೆ. ನೀವು ಅದನ್ನು ಕಾಪಾಡಿದ್ದೇವೆ ಅಂದುಕೊಂಡಿದ್ದೀರಿ. ನಾಲೆ, ಗದ್ದೆಗಳ ನಮ್ಮ ಊರಿನ ಮಳೆಗಾಲದ ತೇವವನ್ನೆಲ್ಲ ಆ ಚರ್ಮ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟು ಶುರುವಿನಲ್ಲಿದ್ದರೆ ಒರೆಸಿದರೆ ಹೋಗುತ್ತದೆ. ಗಾಜಿನ ಮೇಲಿನ ಲೇಪವನ್ನೇ ತಿಂದಿದ್ದರೆ ಕಲೆ ಹೋಗುವುದಿಲ್ಲ. ಈ ಭಾನುವಾರ ಕೇಸಿನಿಂದ ಹೊರಗೆ ತೆಗೆಯಿರಿ. ನಾಲ್ಕು ಸಲ ಲಿವರ್ ಎಳೆದು ಗುಂಡಿ ಒತ್ತಿ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಕೇಸನ್ನು ಬೇರೆ ಇಡಿ.

– ಹಳೇ ಸ್ಟುಡಿಯೋದವನು, ಮಂಡ್ಯ