ಬೈ-ಆಂಪ್ ಮಾಡಿಕೊಡ್ತೀವಿ ಅಂತ ಬಂದು ಆಂಪ್ಲಿಫೈಯರ್ ಸುಟ್ಟುಹಾಕಿ ಹೋದ್ರಿ

ಗೆ,
ಸರ್ವೀಸ್ ಮ್ಯಾನೇಜರ್ ಅವರಿಗೆ,

ವಿಷಯ: ತಪ್ಪು ವೈರಿಂಗ್‌ನಿಂದ ಹೊಸ ಪವರ್ ಆಂಪ್ ಸುಟ್ಟಿರೋದು, ವಾರಂಟಿ ಕೊಡಲ್ಲ ಅಂದಿರೋದು

ನಮಸ್ಕಾರ ಸಾರ್,

ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಕಸ್ಟಮರ್ ಕೇರ್‌ನವರು ಪ್ರತಿ ಸಲ ಹೊಸಬರು ಎತ್ತಿ ಮೊದಲಿಂದ ಕಥೆ ಕೇಳ್ತಾರೆ, ಅದಕ್ಕೆ ಬರ್ದೇ ಕಳಿಸ್ತಿದೀನಿ. ನಿಮ್ಮ ಶೋರೂಮಿಂದ ನನ್ನ ಟವರ್ ಸ್ಪೀಕರ್‌ಗೆ ಎರಡು ಸ್ಟೀರಿಯೋ ಪವರ್ ಆಂಪ್ ತಗೊಂಡೆ, ಒಂದು ಟ್ವೀಟರ್ (ಕೀಚು ಸದ್ದಿನ ಸಣ್ಣದು) ಕಡೆಗೆ ಇನ್ನೊಂದು ವೂಫರ್ (ಬೇಸ್ ಕೊಡೋ ದೊಡ್ಡದು) ಕಡೆಗೆ, ಇದಕ್ಕೇ ಬೈ-ಆಂಪ್ ಅನ್ನೋದು. ಇನ್‌ಸ್ಟಾಲೇಷನ್ ಚಾರ್ಜ್ ಬೇರೆ ಕೊಟ್ಟಿದೀನಿ, ಬಿಲ್ಲಲ್ಲಿ ಇದೆ ನೋಡಿ.

ನಿಮ್ಮ ಹುಡುಗ ರಾಜಾಜಿನಗರದ ನಮ್ಮನೆಗೆ ಬಂದು ವೈರಿಂಗ್ ಮಾಡ್ದ. ಸ್ಪೀಕರ್ ಹಿಂದೆ ಎರಡು ಜೊತೆ ಟರ್ಮಿನಲ್ ಇರುತ್ತಲ್ಲ, ಮೇಲಿಂದು ಟ್ವೀಟರ್‌ಗೆ ಕೆಳಗಿಂದು ವೂಫರ್‌ಗೆ, ಅವೆರಡನ್ನೂ ಸೇರಿಸಿ ಚಿನ್ನದ ಬಣ್ಣದ ಹಿತ್ತಾಳೆ ಪಟ್ಟಿ ಕೂರಿಸಿರ್ತಾರೆ. ಎರಡು ಆಂಪ್ ಕೊಡೋ ಮುಂಚೆ ಆ ಪಟ್ಟಿ ಬಿಚ್ಚಲೇಬೇಕು, ಸ್ಪೀಕರ್ ಮ್ಯಾನ್ಯುಯಲ್ಲಲ್ಲೇ ಇದೆ. "ಇದನ್ನ ತೆಗೀಬೇಕಲ್ವೇನಪ್ಪಾ" ಅಂತ ಕೇಳ್ದೆ ಕೂಡ. "ಇರ್ಲಿ ಬಿಡಿ ಸಾರ್, ಅದಿದ್ರೆ ಕನೆಕ್ಷನ್ ಗಟ್ಟಿ" ಅಂದ. ಸಣ್ಣ ವಾಲ್ಯೂಮಲ್ಲಿ ಒಂದು ಹಾಡು ಹಾಕಿ, ಸ್ಪೀಕರ್ ಹಿಂದೆ ಮುಂದೆ ಫೋಟೋ ಹೊಡ್ದು, ನಿಮ್ಮ ವಾಟ್ಸಾಪ್ ನಂಬರಿಂದಾನೇ "ಇನ್‌ಸ್ಟಾಲೇಷನ್ ಕಂಪ್ಲೀಟ್" ಅಂತ ಕಳಿಸಿ ಹೊರಟ. ಅವನು ಹೋದ್ಮೇಲೆ ನಾನು ವಾಲ್ಯೂಮ್ ಸ್ವಲ್ಪ ಏರಿಸ್ತಿದ್ದಂಗೆ ಆಂಪೊಳಗಿನ ರಿಲೇ (ತೊಂದರೆ ಆದ್ರೆ ಸ್ಪೀಕರ್ ಲೈನ್ ಕತ್ತರಿಸೋ ಸ್ವಿಚ್ಚು) ಟಕ್ ಟಕ್ ಅಂತ ಬಡ್ಕೊಳ್ಳೋಕೆ ಶುರು, ಕೆಂಪು ಲೈಟು, ಆಮೇಲೆ ವೂಫರ್ ಕಡೆ ಆಂಪಿಂದ ಸುಟ್ಟ ವಾಸನೆ. ಓಡಿ ಹೋಗಿ ಪ್ಲಗ್ ಕಿತ್ತೆ. ಸ್ಪೀಕರ್ ಉಳೀತು ಅನ್ನೋದೇ ಪುಣ್ಯ, ಮಲ್ಟಿಮೀಟರ್ ಇಟ್ಟು ನೋಡ್ದೆ, ಎರಡೂ ವೂಫರ್ ಓಮ್ಸ್ ಒಂದೇ ತೋರಿಸ್ತು.

ಈಗ ನೀವು ಹೇಳ್ತಿರೋದು "ಕಸ್ಟಮರ್ ಮನೇಲಿ ವೋಲ್ಟೇಜ್ ಫ್ಲಕ್ಚುಯೇಷನ್, ವಾರಂಟಿ ಬರಲ್ಲ". ಬೆಸ್ಕಾಂ ಮೇಲೆ ಹಾಕಿಬಿಟ್ರೆ ಯಾರೂ ಕೇಳಲ್ಲ ಅಂತ ಗೊತ್ತು ನಿಮಗೆ. ಆದ್ರೆ ನಿಮ್ಮ ಸರ್ವೀಸ್ ಸೆಂಟರ್ ರಿಪೋರ್ಟ್ ನೀವೇ ಓದಿಲ್ವಾ? ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್, ಪವರ್ ಸಪ್ಲೈ ಓಕೆ, ಮೇನ್ ಫ್ಯೂಸ್ ಓಕೆ ಅಂತ ಬರ್ದಿದಾರೆ. ಲೈನಲ್ಲಿ ಸರ್ಜ್ ಬಂದಿದ್ರೆ ಮೊದಲು ಏಟು ತಿನ್ನೋದು ಫ್ಯೂಸು, ರೆಕ್ಟಿಫೈಯರ್, ಪವರ್ ಸಪ್ಲೈ ತಾನೇ, ಅದೆಲ್ಲ ಗಟ್ಟಿಮುಟ್ಟಾಗಿ ಇದ್ದು ಬರೀ ಸ್ಪೀಕರ್ ಕಡೆಯ ಟ್ರಾನ್ಸಿಸ್ಟರ್ ಮಾತ್ರ ಹೋಗೋದು ಯಾವ ಲೆಕ್ಕ? ಅದೇ ಪ್ಲಗ್ ಪಾಯಿಂಟಲ್ಲಿದ್ದ ಪ್ರೀಆಂಪ್, ಟಿವಿ ಎಲ್ಲ ಚೆನ್ನಾಗೇ ಇವೆ.

ಇನ್ನೊಂದು ವಿಷ್ಯ ಇದಕ್ಕಿಂತ ಸಿಟ್ಟು ಬರ್ಸುತ್ತೆ. ನಾನು ಒಂದೇ ಮಾಡೆಲ್ ಎರಡು ಕೇಳಿದ್ದೆ. ನಿಮ್ಮ ಸೇಲ್ಸ್‌ನವರು ಸ್ಟಾಕಿಲ್ಲ ಅಂತ ಬೇರೆ ಮಾಡೆಲ್ ಕೊಟ್ಟು "ಎರಡೂ 100 ವ್ಯಾಟ್, ಸೇರಿದ್ರೆ 200, ಸೌಂಡ್ ಡಬಲ್" ಅಂದ್ರು. ಬೈ-ಆಂಪಲ್ಲಿ ನೋಡ್ಬೇಕಾದ್ದು ವ್ಯಾಟ್ ಅಲ್ಲ ಸ್ವಾಮಿ, ಗೇನ್, ಅಂದ್ರೆ ಒಳಗೆ ಬಂದ ಸಿಗ್ನಲ್‌ನ ಎಷ್ಟು ದೊಡ್ಡದು ಮಾಡುತ್ತೆ ಅನ್ನೋದು. ಸ್ಪೆಕ್ ಶೀಟ್ ತೆಗೆದ್ರೆ ಟ್ವೀಟರ್ ಕಡೇದು 29 ಡಿಬಿ (ಡೆಸಿಬೆಲ್), ವೂಫರ್ ಕಡೇದು 26. ಅಂದ್ರೆ ಒಂದೇ ಸಿಗ್ನಲ್‌ಗೆ ಒಂದು 10 ವೋಲ್ಟ್ ಕೊಡೋ ಹೊತ್ತಿಗೆ ಇನ್ನೊಂದು 14 ಕೊಡುತ್ತೆ. ಮಧ್ಯದಲ್ಲಿ ರೆಸಿಸ್ಟೆನ್ಸೇ ಇಲ್ಲದ ಹಿತ್ತಾಳೆ ಪಟ್ಟಿ, ಚಿಕ್ಕಪೇಟೆ ಗಲ್ಲೀಲಿ ಎರಡು ಗೂಡ್ಸ್ ಆಟೋ ಎದುರುಬದುರು ನುಗ್ಗಿದಂಗೆ, ಕರೆಂಟೆಲ್ಲ ಸ್ಪೀಕರ್ ಬಿಟ್ಟು ಒಂದು ಆಂಪಿಂದ ಇನ್ನೊಂದಕ್ಕೇ ಹರಿಯುತ್ತೆ. ಸರಿ, ಪಟ್ಟಿ ಬಿಚ್ಚಿದ್ರೂ ಈ ಜೋಡಿ ಉಪಯೋಗಕ್ಕೆ ಬರಲ್ಲ, ಟ್ವೀಟರ್ ಕಡೆ 3 ಡಿಬಿ ಜಾಸ್ತಿ ಆಗಿ ಸ, ಶ ಎಲ್ಲ ಕಿವಿ ಚುಚ್ಚುತ್ತೆ, ಲೆವೆಲ್ ಕಡಿಮೆ ಮಾಡೋ ನಾಬ್ ಎರಡರಲ್ಲೂ ಇಲ್ಲ. ಸೌಂಡ್ ಡಬಲ್ ಅನ್ನೋ ಮಾತಂತೂ ಬಿಡಿ, ಪವರ್ ನಿಜವಾಗ್ಲೂ ಡಬಲ್ ಆದ್ರೂ ಸಿಗೋದು 3 ಡಿಬಿ, ಕಿವಿಗೆ ಡಬಲ್ ಅನ್ನಿಸೋಕೆ ಹತ್ತಿರ ಹತ್ತಿರ 10 ಬೇಕು.

ಹಾಗಾಗಿ ನನಗೆ ಆ ಸುಟ್ಟಿರೋ ಆಂಪ್ ರಿಪೇರಿ ಮಾಡಿಸಿ ವಾಪಸ್ ಬೇಡ. ಎರಡನ್ನೂ ತಗೊಂಡು ಒಂದೇ ಮಾಡೆಲ್ ಜೋಡಿ ಕೊಡಿ, ಸ್ಟಾಕ್ ಇಲ್ಲಾಂದ್ರೆ ಎರಡರ ದುಡ್ಡೂ ವಾಪಸ್ ಹಾಕಿ. ಇನ್‌ಸ್ಟಾಲೇಷನ್ ದುಡ್ಡು ಹೇಗಿದ್ರೂ ವಾಪಸ್ ಬರ್ಬೇಕು. ಆ ಹುಡುಗನ ಸಂಬಳ ಮಾತ್ರ ಮುರೀಬೇಡಿ, ಹೇಳ್ಕೊಡದೆ ಕಳಿಸಿದ್ದು ನೀವು.

ಈ ತಿಂಗಳ ಕೊನೆಯೊಳಗೆ ಲಿಖಿತ ಉತ್ತರ ಬರದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಡ್ತೀನಿ, ಅಲ್ಲೂ ಆಗದಿದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸೇವಾ ನ್ಯೂನತೆ ಅಂತ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕ್ತೀನಿ. 5 ಲಕ್ಷದೊಳಗಿನ ಕೇಸಿಗೆ ಫೀಸೂ ಇಲ್ಲ.

ಬಿಲ್ಲು, ಸರ್ವೀಸ್ ರಿಪೋರ್ಟು, ನಿಮ್ಮ ಹುಡುಗ ಕಳಿಸಿದ ಫೋಟೋ ಜೊತೆಗಿಟ್ಟಿದೀನಿ. ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ, ನಾಲ್ಕೂ ವೈರ್ ಕೆಳಗೆ ಪಟ್ಟಿ ಹೊಳೀತಾ ಕಾಣುತ್ತೆ.

ಇಂತಿ,
ನಿಮ್ಮ ಗ್ರಾಹಕ
ರಾಜಾಜಿನಗರ, ಬೆಂಗಳೂರು