ಕೇಳಿದ್ರೆ ಅಮ್ಮನ ಮೇಲೆ ತೋರಿಸ್ತಾರೆ ಅಂದ್ಯಲ್ಲ, ಪುಟ್ಟಿ

ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯ್ತು. ಸ್ಕ್ಯಾನಿಂಗ್ ವಿಷಯ, ಗರ್ಭಕೋಶದಲ್ಲಿರೋ ಗಡ್ಡೆ ವಿಷಯ ಎಲ್ಲ ನಿಮ್ಮಮ್ಮ ಫೋನಲ್ಲೇ ಹೇಳಿದ್ಲು, ಅದನ್ನ ಮತ್ತೆ ಬರೆಯಲ್ಲ. ಆದ್ರೆ ಕೊನೇಲಿ ಒಂದು ಸಾಲು ಬರ್ದಿದೀಯಲ್ಲ, "ಜಾಸ್ತಿ ಕೇಳಿದ್ರೆ ಡಾಕ್ಟ್ರಿಗೆ ಸಿಟ್ಟು ಬಂದು ಅಮ್ಮನ ಮೇಲೆ ತೋರಿಸ್ತಾರೇನೋ ಅಂತ ಸುಮ್ನಿದೀನಿ ದೊಡ್ಡಮ್ಮ" ಅಂತ, ಅದನ್ನ ಓದಿ ಕೈಕಾಲು ತಣ್ಣಗಾಯ್ತು ಕಣೇ. ನಾಲ್ಕು ದಿನದಿಂದ ರಾತ್ರಿ ಎಚ್ಚರ ಆದಾಗೆಲ್ಲ ಅದೇ ಸಾಲು ಕಣ್ಮುಂದೆ ಬರುತ್ತೆ. ಯಾಕಂದ್ರೆ 2011ರಲ್ಲಿ ನಾನೂ ಹೀಗೇ ಸುಮ್ನಿದ್ದೆ.

ದೊಡ್ಡಪ್ಪ ಹೋದ ಕಥೆ ನಿಂಗೆ ಗೊತ್ತು, ಆಸ್ಪತ್ರೆ ಬಿಲ್ಲಿಗೆ ಬಳೆ ಅಡ ಇಟ್ಟಿದ್ದೂ ಗೊತ್ತು. ಆದ್ರೆ ಒಂದು ವಿಷಯ ನಿಮ್ಮಮ್ಮಂಗೂ ಹೇಳಿಲ್ಲ, ಈಗ ನಿಂಗೆ ಹೇಳ್ತಿದೀನಿ. ಅವ್ರಿಗೆ ಮಂಡಿ ನೋವು ಅಂತ ಸಂತೆಗೆ ಬರ್ತಿದ್ದ ಒಬ್ಬನ ಹತ್ರ ಪುಡಿ ತಗೋತಿದ್ರು. ಹಳೇ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿ ಇರುತ್ತಲ್ಲ, ಅದ್ರಲ್ಲಿ ತುಂಬಿ ಕೊಡ್ತಿದ್ದ. ಬೆಳಿಗ್ಗೆ ಒಂದು ಚಿಟಿಕೆ, ರಾತ್ರಿ ಒಂದು ಚಿಟಿಕೆ, ಎಂಟು ತಿಂಗಳು. ನೋವು ಮಾತ್ರ ಮಂತ್ರ ಹಾಕಿದ ಹಾಗೆ ಹೋಗ್ತಿತ್ತು, ಅಂಥ ಪುಡಿಗಳಲ್ಲಿ ಸ್ಟೀರಾಯ್ಡು, ನೋವಿನ ಮಾತ್ರೆ ಅರೆದು ಸೇರಿಸಿರ್ತಾರೆ ಅಂತ ಆಮೇಲೆ ಗೊತ್ತಾಯ್ತು. ಕಿಡ್ನಿ ಕೈಕೊಟ್ಟು ಅಡ್ಮಿಟ್ ಆದಾಗ ಅಲ್ಲಿದ್ದ ಸಣ್ಣ ವಯಸ್ಸಿನ ಡಾಕ್ಟರು "ಅಮ್ಮಾ, ಬೇರೆ ಏನಾದ್ರೂ ತಗೋತಿದ್ರಾ, ನಾಟಿ ಔಷಧಿ, ಮಾತ್ರೆ, ಏನಾದ್ರೂ?" ಅಂತ ಕೇಳ್ದ. ಒಂದಲ್ಲ, ಮೂರು ಸಲ. ಮೂರು ಸಲಾನೂ ಇಲ್ಲ ಅಂದೆ. ಡಬ್ಬಿ ನನ್ನ ಬ್ಯಾಗಲ್ಲೇ ಇತ್ತು ಪುಟ್ಟಿ. ಮಡಿಲ ಮೇಲೆ ಇಟ್ಕೊಂಡಿದ್ದ ಬ್ಯಾಗಲ್ಲಿ.

ಯಾಕೆ ಇಲ್ಲ ಅಂದೆ ಅಂದ್ರೆ, ಹಿಂದಿನ ವರ್ಷ ಬೇರೆ ಒಂದು ಕಡೆ ತೋರಿಸಿದಾಗ ಕಷಾಯ ಕುಡಿದ್ವಿ ಅಂದಿದ್ದಕ್ಕೆ ಎಲ್ಲರ ಮುಂದೆ ಬೈಸ್ಕೊಂಡಿದ್ವಿ. ಈಗ್ಲೂ ಹೇಳಿದ್ರೆ ಬೈತಾರೆ, ಸಿಟ್ಟಲ್ಲಿ ಇವರನ್ನ ಸರಿಯಾಗಿ ನೋಡಲ್ಲ ಅನ್ಕೊಂಡೆ. ನಿನ್ನ ಭಯಾನೇ ಅದು, ಅದೇ ಭಯ. ಐದನೇ ದಿನ ತಡೆಯೋಕಾಗ್ದೆ ಒಬ್ಬ ನರ್ಸಮ್ಮಂಗೆ ಡಬ್ಬಿ ತೆಗೆದು ತೋರಿಸ್ದೆ. ಆಕೆ ಒಂದು ಮಾತೂ ಅನ್ಲಿಲ್ಲ, ಡಬ್ಬಿ ಇಸ್ಕೊಂಡು ಓಡಿದ್ಲು ಅಷ್ಟೆ. ಯಾರೂ ಬೈಲಿಲ್ಲ. ಒಂಬತ್ತನೇ ದಿನ ಅವರು ಹೋದ್ರು. ಮೊದಲನೇ ದಿನಾನೇ ಹೇಳಿದ್ರೆ ಉಳೀತಿದ್ರಾ ಅಂತ ಯಾವ ಡಾಕ್ಟರನ್ನೂ ಕೇಳೋ ಧೈರ್ಯ ಇವತ್ತಿನವರೆಗೂ ಬಂದಿಲ್ಲ.

ಅದಕ್ಕೇ ಹೇಳೋದು, ಈ ಭಯ ಕೇಳೋಕೆ ಮಾತ್ರ ಬಿಡಲ್ಲ ಅನ್ಕೋಬೇಡ, ಹೇಳೋಕೂ ಬಿಡಲ್ಲ. ನಿಮ್ಮಮ್ಮ ಶುಗರ್ ಮಾತ್ರೆ ಬಿಟ್ಟು ಇನ್ನೇನೇನು ನುಂಗ್ತಾಳೆ ಅಂತ ಡಾಕ್ಟ್ರಿಗೆ ಹೇಳಿದೀಯಾ? ಮುಚ್ಚಿಡದೆ ಹೇಳೋದು ಪೇಷಂಟ್ ಕಡೆಯವರ ಜವಾಬ್ದಾರಿ, ಸರ್ಕಾರದ ರೋಗಿಗಳ ಹಕ್ಕಿನ ಪಟ್ಟಿ ಇದೆಯಲ್ಲ, ಅದ್ರಲ್ಲೇ ಹಕ್ಕಿನ ಪಕ್ಕ ಜವಾಬ್ದಾರಿ ಅಂತ ಬರ್ದಿದಾರೆ. ನಾನು ಅದನ್ನ ಓದಿದಾಗ ಆ ಒಂದು ಸಾಲಿನ ಮೇಲೆ ತುಂಬ ಹೊತ್ತು ಕೂತಿದ್ದೆ.

ಸಹಿ ವಿಷಯ. ನೀನು "ಫಾರಂಗೆ ನಾನೇ ಸೈನ್ ಮಾಡ್ತೀನಿ, ಅಮ್ಮಂಗೆ ಗರ್ಭಕೋಶ ತೆಗೀತಾರೆ ಅಂತ ಈಗ್ಲೇ ಹೇಳಲ್ಲ, ಗಡ್ಡೆ ಮಾತ್ರ ಅಂತ ಹೇಳಿದೀನಿ" ಅಂತ ಬರ್ದಿದೀಯ. ಅದು ಬೇಡ ಕಣೇ. ಅವಳಿಗೆ ಹೆದರಿಕೆ ಆಗುತ್ತೆ ಅಂತ ಪ್ರೀತಿಯಿಂದಾನೇ ಮಾಡ್ತಿದೀಯ, ಗೊತ್ತು. ಆದ್ರೆ ಬುದ್ಧಿ ಸರಿ ಇರೋ, ಎಚ್ಚರ ಇರೋ ಐವತ್ತೆರಡು ವರ್ಷದ ಹೆಂಗಸಿನ ಮೈಗೆ ಒಪ್ಪಿಗೆ ಕೊಡಬೇಕಾದವಳು ಅವಳೇ. ದೆಹಲಿಲಿ ಹೀಗೇ ಒಂದು ಕೇಸಾಗಿತ್ತು, ಸಮೀರಾ ಕೊಹ್ಲಿ ಅಂತ. ಪರೀಕ್ಷೆಗೆ ಅಂತ ಅರಿವಳಿಕೆ ಕೊಟ್ಟು ಮಲಗಿಸಿದ್ರು, ಒಳಗೆ ನೋಡಿ, ಹೊರಗೆ ಕೂತಿದ್ದ ಅವರಮ್ಮನ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ಎರಡೂ ತೆಗೆದ್ರು. ಎದ್ದಾಗ ಆಕೆಗೆ ಹೇಗಾಗಿರ್ಬೇಡ. ಸುಪ್ರೀಂ ಕೋರ್ಟ್ 2008ರಲ್ಲಿ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಆಗಲ್ಲ, ಜೀವಕ್ಕೆ ಅಪಾಯ ಇರ್ಲಿಲ್ಲ ಅಂದ್ಮೇಲೆ ವಯಸ್ಸಿಗೆ ಬಂದ ಮಗಳ ಪರವಾಗಿ ತಾಯಿ ಒಪ್ಪಿದ್ದು ಒಪ್ಪಿಗೇನೇ ಅಲ್ಲ ಅಂತ ಹೇಳ್ತು. ಅಲ್ಲಿ ತಾಯಿ ಮಗಳಿಗೆ ಒಪ್ಪಿದ್ಲು, ಇಲ್ಲಿ ಮಗಳು ತಾಯಿಗೆ ಒಪ್ತಿದೀಯ. ನಿಮ್ಮಮ್ಮ ಎದ್ದ ಮೇಲೆ ನಿನ್ನ ಮುಖ ನೋಡ್ತಾಳಲ್ಲ, ಆಗ ಏನು ಹೇಳ್ತೀಯ?

ದೊಡ್ಡಪ್ಪನ ಫಾರಂಗೆ ನಾನು ಸಹಿ ಹಾಕಿದ್ದು ರಾತ್ರಿ ಹನ್ನೊಂದೂವರೆಗೆ. ಆರು ಪುಟ, ಪೂರ್ತಿ ಇಂಗ್ಲಿಷು. ಎಲ್ಲೆಲ್ಲಿ ಹಾಕ್ಬೇಕೋ ಅಲ್ಲಿ ಪೆನ್ಸಿಲಲ್ಲಿ ಇಂಟು ಗುರುತು ಹಾಕಿದ್ರು, "ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ" ಅಂತ ಆಸ್ಪತ್ರೆಯವನೊಬ್ಬ ಬೆರಳು ತೋರಿಸ್ತಾ ಹೋದ, ನಾನು ಹಾಕ್ತಾ ಹೋದೆ. ಪೆನ್ನಿಗೆ ದಾರ ಕಟ್ಟಿದ್ರು, ಕೊನೇ ಪುಟಕ್ಕೆ ದಾರ ಎಟುಕ್ತಿರ್ಲಿಲ್ಲ ಅಂತ ಕಾಗದಾನೇ ಎಳ್ಕೊಂಡು ಹಾಕ್ದೆ. ಏನಕ್ಕೆ ಇದು ಅಂತ ಕೇಳಿದ್ರೆ ಎರಡು ನಿಮಿಷ ಆಗ್ತಿತ್ತು. ನಮಗೆ ಅರ್ಥ ಆಗೋ ಭಾಷೆಲಿ ಹೇಳಿಸ್ಕೊಳ್ಳೋದು ನಮ್ಮ ಹಕ್ಕು ಅಂತ ಗೊತ್ತಿರ್ಲಿಲ್ಲ, ಗೊತ್ತಿದ್ರೂ ಕೇಳ್ತಿರ್ಲಿಲ್ವೇನೋ.

ಡಾಕ್ಟ್ರು ಕೆಟ್ಟೋರು ಅಂತ ನಾನು ಹೇಳ್ತಿಲ್ಲ. ನಿಮ್ಮಮ್ಮಂಗೆ ಆಪರೇಷನ್ ನಿಜವಾಗ್ಲೂ ಬೇಕಿರಬಹುದು. ಆದ್ರೆ ಗರ್ಭಕೋಶ ಅಂದಾಗ ಕೇಳ್ಲೇಬೇಕು. ನಮ್ಮ ಕಲಬುರಗಿ ಕಡೆ ತಾಂಡಾದ ಹೆಣ್ಮಕ್ಕಳಿಗೆ, ಅದೂ ಚಿಕ್ಕ ವಯಸ್ಸಿನವರಿಗೆ, ಬೇಕಿಲ್ದೇ ತೆಗೆದಿದ್ದು ದೊಡ್ಡ ಸುದ್ದಿ ಆಗಿತ್ತು, ಆ ಹೆಂಗಸರೆಲ್ಲ ಬೀದಿಗಿಳಿದು ಕೂತಿದ್ರು. ಅವರಲ್ಲೂ ಎಷ್ಟೋ ಜನ ನಮ್ಮ ಹಾಗೇ ಕೇಳೋಕೆ ಹೆದರಿದ್ರೇನೋ. ಬೇರೆ ದಾರಿ ಇದೆಯಾ, ಮಾತ್ರೆಲಿ ಆಗುತ್ತಾ, ಗಡ್ಡೆ ಮಾತ್ರ ತೆಗೆಯೋಕಾಗುತ್ತಾ, ತಡ ಮಾಡಿದ್ರೆ ಏನಾಗುತ್ತೆ. ಇಷ್ಟು ಕೇಳು. ಇನ್ನೊಬ್ಬ ಡಾಕ್ಟರ ಹತ್ರ ತೋರಿಸ್ತೀವಿ, ರಿಪೋರ್ಟ್ ಕಾಪಿ ಕೊಡಿ ಅಂದ್ರೂ ತಪ್ಪಿಲ್ಲ. ಕೇಸ್ ಪೇಪರ್ ಬೇಕು ಅಂತ ಬರ್ದು ಕೊಟ್ರೆ 72 ಗಂಟೆ ಒಳಗೆ ಕೊಡ್ಬೇಕು ಅಂತ ಮೆಡಿಕಲ್ ಕೌನ್ಸಿಲ್ ನಿಯಮ 2002ರಿಂದ ಇದೆ. ನಂಗೆ ಇದು ಹೇಳಿಕೊಟ್ಟಿದ್ದು ಎಲ್‌ಐಸಿ ಏಜೆಂಟು, ಕ್ಲೇಮಿಗೆ ಅಲೀತಿದ್ದಾಗ. ದೊಡ್ಡಪ್ಪ ಹೋಗಿ ಎರಡು ತಿಂಗಳಾಗಿತ್ತು.

ಬಳೆ ವಿಷಯ ನಿಂಗೆ ಗೊತ್ತು ಅಂದೆ, ಆದ್ರೂ ಬರುತ್ತೆ. ಸಂಜೆ ಆರಕ್ಕೆ ಹೋದವರನ್ನ ಮಾರನೇ ದಿನ ಹನ್ನೊಂದಕ್ಕೆ ಕೊಟ್ರು, ಬಾಕಿ ಕಟ್ಟಿದ ಮೇಲೆ. ರಾತ್ರಿಯೆಲ್ಲ ಹೊರಗಿನ ಬೆಂಚಲ್ಲಿ ಕೂತಿದ್ದೆ, ನಿಮ್ಮಮ್ಮ ಪಕ್ಕದಲ್ಲಿ ಫ್ಲಾಸ್ಕ್ ಹಿಡ್ಕೊಂಡು ಕೂತಿದ್ಲು, ಇಬ್ರೂ ಕುಡೀಲಿಲ್ಲ. 2017ರ ನವೆಂಬರಲ್ಲಿ ಖಾಸಗಿ ಆಸ್ಪತ್ರೆ ಕಾಯ್ದೆಗೆ ತಿದ್ದುಪಡಿ ಬೇಡ ಅಂತ ಖಾಸಗಿ ಡಾಕ್ಟ್ರೆಲ್ಲ ಮುಷ್ಕರ ಮಾಡಿದ್ರಲ್ಲ, ಬೆಳಗಾವಿ ಅಧಿವೇಶನದ ಟೈಮು, ಆವತ್ತು ಪೇಪರಲ್ಲಿ ಆ ತಿದ್ದುಪಡಿಲಿ ಏನಿದೆ ಅಂತ ಓದ್ತಾ ಓದ್ತಾ, ಬಾಕಿ ಇದೆ ಅಂತ ಹೆಣ ಕೊಡದೆ ಇಟ್ಕೊಳ್ಳಂಗಿಲ್ಲ ಅನ್ನೋದು ಕಣ್ಣಿಗೆ ಬಿತ್ತು. ಕನ್ನಡಕ ತೆಗೆದಿಟ್ಟು ಒಬ್ಬಳೇ ಅತ್ತೆ. ನಾನು ಬೆಂಚಲ್ಲಿ ಕೂತು ಆರು ವರ್ಷ ಆಗಿತ್ತು. ಕೆಪಿಎಂಇ ಕಾಯ್ದೆ ಅಂತಾರೆ ಅದಕ್ಕೆ, 2007ರದ್ದು, ಆಮೇಲೆ ತಿದ್ದಿದ್ದು. ರೇಟು ಬೋರ್ಡಲ್ಲಿ ಹಾಕ್ಬೇಕು, ಬಿಲ್ ಬಿಡಿಬಿಡಿಯಾಗಿ ಕೊಡ್ಬೇಕು, ಎಮರ್ಜೆನ್ಸಿಲಿ ಮೊದ್ಲು ದುಡ್ಡು ಕಟ್ಟಿ ಅನ್ನಂಗಿಲ್ಲ, ದೂರಿದ್ರೆ ಜಿಲ್ಲೆಲಿ ಡಿಸಿ ಮುಂದೆ ಇರೋ ಪ್ರಾಧಿಕಾರಕ್ಕೆ ಕೊಡಬಹುದು. ನಿಂಗೆ ಇದ್ಯಾವುದೂ ಬೇಕಾಗದೇ ಇರ್ಲಿ. ಎಮರ್ಜೆನ್ಸಿಗೆ ಇಲ್ಲ ಅನ್ನಂಗಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತ್ತಂತೆ. ಅಂದ್ರೆ ನಮ್ಮ ಕಾಲದಲ್ಲೂ ಕಾನೂನು ಸ್ವಲ್ಪ ಇತ್ತು, ನಂಗೇ ಬಾಯಿರ್ಲಿಲ್ಲ.

ಕೇಳೋದು ಅಂದ್ರೆ ಜಗಳ ಅಲ್ಲ, ಇದನ್ನ ನಿಮ್ಮಣ್ಣಂಗೂ ಹೇಳು. ಅವನ ಸಿಟ್ಟು ನಂಗೆ ಗೊತ್ತು. ಪಾಪ ರಾತ್ರಿ ಡ್ಯೂಟಿ ನರ್ಸುಗಳ ಮೇಲೆ ಕೂಗಾಡೋದು, ಮೇಜು ಗುದ್ದೋದು ಎಲ್ಲ ಮಾಡಿದ್ರೆ, ನಮ್ಮ ರಾಜ್ಯದಲ್ಲಿ ಅದಕ್ಕೆ 2009ರಿಂದ್ಲೇ ಬೇರೆ ಕಾಯ್ದೆ ಇದೆ, ಜೈಲಿಗೆ ಹೋಗ್ಬೇಕಾಗಬಹುದು. ಕಾಯ್ದೆ ಹಾಗಿರ್ಲಿ, ನನ್ನ ಡಬ್ಬಿ ಇಸ್ಕೊಂಡು ಓಡಿದ್ದು ಅಂಥ ಒಬ್ಬ ನರ್ಸೇ.

ನಿನ್ನ ಭಯ ಸುಳ್ಳು ಅಂತ ಹೇಳೋಕೆ ನನ್ನಿಂದ ಆಗಲ್ಲ ಪುಟ್ಟಿ. ಕೇಳಿದ್ರೆ ಮುಖ ಗಂಟು ಹಾಕೋರು ಇದ್ದೇ ಇರ್ತಾರೆ. ಆದ್ರೆ ಮುಖ ಗಂಟು ಹಾಕಿದ್ರೆ ಅಷ್ಟೇ ತಾನೇ, ನಾಳೆ ಸರಿ ಹೋಗುತ್ತೆ. ರೌಂಡ್ಸಿಗೆ ಬಂದಾಗ ಅವರಿಗೆ ಟೈಮಿರಲ್ಲ, ಅದಕ್ಕೆ ಒಂದು ಸಣ್ಣ ಪುಸ್ತಕದಲ್ಲಿ ನಾನು ಹೇಳಿದ ಆ ನಾಲ್ಕೇ ಪ್ರಶ್ನೆ ಬರ್ಕೋ, ಎಲ್ಲರೂ ಒಟ್ಟಿಗೆ ಮುತ್ಕೋಬೇಡಿ, ನೀನೊಬ್ಳೇ ಮಾತಾಡು, "ಸರ್, ಅಮ್ಮಂಗೆ ನೀವೇ ಒಂದ್ಸಲ ಕನ್ನಡದಲ್ಲಿ ಹೇಳಿ" ಅನ್ನು. ಇದೆಲ್ಲ ನಿಂಗೆ ಗೊತ್ತಿರೋದೇ ಇರಬಹುದು, ಓದಿದವಳು ನೀನು, ನಾನು ಯಾಕೆ ಹೇಳ್ತಿದೀನೋ. ಗಂಡು ಡಾಕ್ಟ್ರು ಪರೀಕ್ಷೆ ಮಾಡೋವಾಗ ಹೆಂಗಸೊಬ್ಳು ಜೊತೇಲಿರ್ಬೇಕು, ಅಮ್ಮ ನಾಚ್ಕೊಂಡು ಕೇಳಲ್ಲ, ನೀನು ನಿಂತ್ಕೋ.

ನಾನು ಮಂಗಳವಾರ ರಾತ್ರಿ ಬಸ್ಸಿಗೆ ಹೊರಡ್ತೀನಿ, ಬುಧವಾರ ಬೆಳಿಗ್ಗೆ ಅಲ್ಲಿರ್ತೀನಿ. ಅಷ್ಟರೊಳಗೆ ಫಾರಂ ಬಂದ್ರೆ ದೊಡ್ಡಮ್ಮ ಬರ್ತಾಳೆ, ಅಮ್ಮಾನೇ ಓದಿ ಹಾಕ್ತಾಳೆ ಅಂತ ಹೇಳಿ ಇಟ್ಕೋ. ಅವಳ ಮಾತ್ರೆ ಡಬ್ಬಿ ಅಡಿಗೆಮನೆ ಕಪಾಟಲ್ಲಿ, ಉಪ್ಪಿನಕಾಯಿ ಜಾಡಿ ಹಿಂದೆ ಇರುತ್ತೆ. ಬಿಚ್ಚಿ ಆರಿಸೋಕೆ ಹೋಗ್ಬೇಡ, ಇದು ಹೇಳೋದು ಇದು ಬೇಡ ಅಂತ ಯೋಚ್ನೆ ಮಾಡ್ಬೇಡ, ಆ ಡಬ್ಬಿನೇ ಪೂರ್ತಿ ತಗೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡು.

ನಿನ್ನ
ದೊಡ್ಡಮ್ಮ