ಜಾಮೀನಿಗೆ ಸಹಿ ಹಾಕುವ ಮುನ್ನ

ಬೆಟಗೇರಿ
ಭಾನುವಾರ ಸಂಜೆ

ಪ್ರೀತಿಯ ತಮ್ಮಾ,

ಕರ್ತನ ನಾಮದಲ್ಲಿ ವಂದನೆಗಳು. ನಿನ್ನ ಪತ್ರ ಮುಟ್ಟಿತು. ಗೆಳೆಯನ ಎಂಟು ಲಕ್ಷದ ಸಾಲಕ್ಕೆ ಜಾಮೀನು ನಿಲ್ಲುವವನಿದ್ದೀಯೆ. ಕೇಳುವವನಿಗೆ ಕೊಡು ಎಂದು ಕರ್ತನೇ ಹೇಳಿರುವಾಗ ಹಿಂದೆ ಸರಿದರೆ ನಾನೆಂಥ ವಿಶ್ವಾಸಿ ಎಂದೂ ಕೇಳಿದ್ದೀಯೆ. ಬೈಬಲಿನ ಮತ್ತಾಯ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಆ ಮಾತಿದೆ, ನಿಜ. ಆದರೆ ಕೊಡುವುದು ಕೈಯಲ್ಲಿರುವುದನ್ನು. ಜಾಮೀನಿನಲ್ಲಿ ನೀನು ಒತ್ತೆ ಇಡುವುದು ಇನ್ನೂ ದುಡಿಯದ ಪಗಾರವನ್ನು.

ಅದೇ ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದಲ್ಲಿ ಮೂವತ್ತೊಂದು ಅಧ್ಯಾಯಗಳಿವೆ. ನಿಮ್ಮ ಅಜ್ಜ ತಾರೀಖಿಗೊಂದರಂತೆ ಓದುತ್ತಿದ್ದರು, ನನಗೂ ಅದೇ ರೂಢಿ. ಆರನೆಯ ತಾರೀಖು ಬಂದಾಗಲೆಲ್ಲ, ನೆರೆಯವನಿಗೆ ಹೊಣೆಯಾಗಿ ಸಿಕ್ಕಿಬಿದ್ದಿದ್ದರೆ ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಂಡಂತೆ ತಪ್ಪಿಸಿಕೋ ಎಂಬುದನ್ನು ಓದಿ, ಆಮೆನ್ ಎಂದು, ಸೈಕಲ್ ಹತ್ತಿ ಶಾಲೆಗೆ ಹೋಗುತ್ತಿದ್ದೆ.

1989ರಲ್ಲಿ ಅದೇ ಶಾಲೆಯ, ನಮ್ಮದೇ ಸಭೆಯ ಒಬ್ಬ ಮಾಸ್ತರರಿಗೆ ಜಾಮೀನಾದೆ. ಚಹಾದ ಅಂಗಡಿಯಲ್ಲಿ ಊಟದ ಡಬ್ಬಿಯ ಮೇಲೆ ಫಾರಂ ಇಟ್ಟು ಸಹಿ ಹಾಕಿದ್ದು. ಮೊತ್ತದ ಜಾಗ ಖಾಲಿ ಇತ್ತು. ಕೇಳಿದರೆ ಅವರನ್ನು ನಂಬಲಿಲ್ಲ ಎಂದಾಗುತ್ತದೆಂಬ ಸಂಕೋಚ. ಆ ಸಂಕೋಚಕ್ಕೆ ನಾನು ಪ್ರೀತಿ ಎಂದು ಹೆಸರಿಟ್ಟಿದ್ದೆ. ಏಳು ತಿಂಗಳಾದ ಮೇಲೆ ನನ್ನ ಪಗಾರದಲ್ಲಿ ಕಡಿತ ಶುರುವಾಯಿತು. ದೊಡ್ಡಮ್ಮನಿಗೆ ಹೇಳಿರಲಿಲ್ಲ, ಅಂಗಿ ಒಗೆಯುವಾಗ ಜೇಬಿನಲ್ಲಿದ್ದ ಪಗಾರದ ಚೀಟಿ ನೋಡಿ ಅವಳಿಗೆ ತಿಳಿಯಿತು. ಬೈಯಲಿಲ್ಲ. ಚೀಟಿಯನ್ನು ಕಿಟಕಿಯಲ್ಲಿ ಒಣಗಲು ಇಟ್ಟಳು. ಸಂಜೆ ನಾನು ಬಂದಾಗಲೂ ಅದು ಅಲ್ಲೇ ಇತ್ತು.

ಮೂರು ವರ್ಷದ ಕಡಿತವನ್ನು ಹೇಗೋ ತಡೆದುಕೊಂಡೆವು. ಆದರೆ ಚರ್ಚಿನಲ್ಲಿ ಆ ಮಾಸ್ತರರು ಮುಂದಿನ ಬೆಂಚಿನಲ್ಲಿ ಕುಳಿತರೆ ನಾನು ಬಾಗಿಲ ಪಕ್ಕದ ಬೆಂಚು ಹಿಡಿಯುತ್ತಿದ್ದೆ. ಕರ್ತನ ಭೋಜನಕ್ಕೆ ಅವರ ಪಕ್ಕ ಮೊಣಕಾಲೂರಲು ನನ್ನಿಂದ ಆಗುತ್ತಿರಲಿಲ್ಲ. ಸಹಾಯ ಮಾಡಲು ಹೋಗಿ ಒಬ್ಬ ಸಹೋದರನನ್ನು ದ್ವೇಷಿಸಲು ಕಲಿತೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದರೆ ಬ್ಯಾಂಕಿನವರು ಕೇಳಬೇಕಾಗಿಲ್ಲ.

ಹಾಗೆಂದು ಸತ್ಯವೇದ ಜಾಮೀನನ್ನೇ ನಿಷೇಧಿಸಿದೆ ಎಂದು ಯಾರ ಮುಂದೆಯೂ ಹೇಳಬೇಡ. ತಮ್ಮ ಬೆನ್ಯಾಮೀನನಿಗೆ ಅಣ್ಣ ಯೆಹೂದನು ಹೊಣೆಯಾದನು. ಓಡಿಹೋಗಿದ್ದ ದಾಸ ಒನೇಸಿಮನ ಲೆಕ್ಕವನ್ನು ಪೌಲನು ತನ್ನ ಮೇಲೆ ಹಾಕಿಕೊಂಡು, ನಾನೇ ತೀರಿಸುತ್ತೇನೆ ಎಂದು ಆ ದಾಸನ ಯಜಮಾನ ಫಿಲೆಮೋನನಿಗೆ ಸ್ವಂತ ಕೈಯಿಂದ ಬರೆದುಕೊಟ್ಟನು. ಪೌಲನು ಆಗ ಸೆರೆಯಲ್ಲಿದ್ದವನು, ನೆನಪಿರಲಿ! ಜ್ಞಾನೋಕ್ತಿಗಳ ಇಪ್ಪತ್ತಾರನೆಯ ಅಧ್ಯಾಯದಲ್ಲಂತೂ ಮೂಢನಿಗೆ ಉತ್ತರ ಕೊಡಬೇಡ ಎಂದು ನಾಲ್ಕನೆಯ ವಚನ, ಉತ್ತರ ಕೊಡು ಎಂದು ಐದನೆಯ ವಚನ. ಹುಡುಗನಾಗಿದ್ದಾಗ ಇದು ಅಚ್ಚಿನ ತಪ್ಪಿರಬೇಕು ಎಂದುಕೊಂಡಿದ್ದೆ. ಯಾವ ಹೊತ್ತಿಗೆ ಯಾವುದು ಎಂಬುದನ್ನು ನಮಗೇ ಬಿಟ್ಟಿದ್ದಾರೆ. ಅದಕ್ಕೇ ಬೇಕು ಜ್ಞಾನ. ಪೌಲನಿಗೆ ಒನೇಸಿಮನೂ ಗೊತ್ತಿದ್ದ, ಫಿಲೆಮೋನನೂ ಗೊತ್ತಿದ್ದ. ಕಟ್ಟಬೇಕಾದವನು ತಾನೇ ಎಂದು ತಿಳಿದೇ ಬರೆದ. ನಾನು ಕಟ್ಟಬೇಕಾಗಿ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಸಹಿ ಹಾಕಿದ್ದೆ.

ಪ್ರಾರ್ಥಿಸಿದ್ದೇನೆ, ಸಮಾಧಾನ ಸಿಕ್ಕಿದೆ ಎಂದು ಬರೆದಿದ್ದೀಯೆ. ಸಂತೋಷ. ಸಾಲದ ಪತ್ರ ಓದಿದ ಮೇಲೆ ಸಿಕ್ಕಿತೋ, ಓದುವ ಮೊದಲೋ? ಎಂಟು ಲಕ್ಷವೂ ನಿನ್ನ ತಲೆಗೇ ಬಂದರೆ, ಕಟ್ಟಿ ಮುಗಿಸಿ ಅವನ ಮದುವೆಗೆ ನಗುತ್ತಾ ಹೋಗಬಲ್ಲೆಯಾ? ಆಗುತ್ತದೆಂದರೆ ಹೆಂಡತಿಗೆ ಹೇಳಿ ಸಹಿ ಹಾಕು, ನಾನು ತಡೆಯುವುದಿಲ್ಲ. ಆಗದಿದ್ದರೆ ನಿನ್ನಿಂದಾದ ಹಣವನ್ನು ತಿರುಗಿ ಕೇಳದಂತೆ ಕೊಟ್ಟುಬಿಡು. ನನ್ನ ಪಾಲೆಂದು ಹತ್ತು ಸಾವಿರ ಕಳಿಸುತ್ತೇನೆ.

ಹೇಗಿದ್ದರೂ ಇವತ್ತೇ ರಾತ್ರಿ ಅವನ ಮನೆಗೆ ಹೋಗಿ ಎದುರಿಗೆ ಕುಳಿತು ಹೇಳು. ಮೊಬೈಲಿನಲ್ಲಿ ಸಂದೇಶ ಕಳಿಸಿ ಕೈತೊಳೆದುಕೊಳ್ಳಬೇಡ. ಬರಿಗೈಯಲ್ಲಿ ಹೋಗಬೇಡ, ಅವನ ತಾಯಿಗೆ ಹಣ್ಣು ಒಯ್ಯಿ.

ನಿನ್ನ ದೊಡ್ಡಪ್ಪ